ಒಂದೇ ಮನೆಯಲ್ಲಿ ಇಬ್ಬರು ಕಂಡಕ್ಟರು

ನನ್ನ ಗಂಡನ ಅಕ್ಕನ ಮಗಳು ಹದಡಿಯಿಂದ ನಮ್ಮ ಮನೆಗೆ ಬಂದಾಗ ಅವಳ ಕೈಯಲ್ಲಿ ಎರಡು ಚೀಲಗಳಿದ್ದವು, ಕಂಕುಳಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು. ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ಅವಳ ಅವ್ವ ಕಟ್ಟಿಕೊಟ್ಟ ರೊಟ್ಟಿ ಮತ್ತು ಶೇಂಗಾಪುಡಿ. ನೋಟ್‌ಬುಕ್ಕಿನಲ್ಲಿ ಏನೂ ಇರಲಿಲ್ಲ. ಅದನ್ನು ತುಂಬಿಸಿಕೊಂಡು ಹೋಗಲೆಂದೇ ಬಂದಿದ್ದಳು.

ಡಿಗ್ರಿ ಮುಗಿಸಿ ಮೂರು ವರ್ಷ ಒಂದಾದ ಮೇಲೊಂದು ಪರೀಕ್ಷೆ ಬರೆದು, ಯಾವುದೂ ಆಗಲಿಲ್ಲವೆಂದು ಅತ್ತು, ಅಳುವುದನ್ನೂ ಬಿಟ್ಟ ಮೇಲೆ ಒಂದೇ ತಿಂಗಳಲ್ಲಿ ಅವಳಿಗೆ ಎರಡು ಕಡೆಯಿಂದ ಕರೆ ಬಂದಿತ್ತು. ಸರ್ಕಾರಿ ಬಸ್ಸಿನ ಕಂಡಕ್ಟರ್ ಹುದ್ದೆಯ ಪಟ್ಟಿಯಲ್ಲಿ ಅವಳ ಹೆಸರಿತ್ತು. ರೈಲ್ವೆ ಪರೀಕ್ಷೆಯಲ್ಲೂ ಪಾಸಾಗಿದ್ದಳು. ಅಲ್ಲಿ ಯಾವ ಹುದ್ದೆ ಮೊದಲು ಬೇಕು, ಯಾವುದು ಆಮೇಲೆ ಎಂದು ಕ್ರಮವಾಗಿ ಬರೆದು ಕೊಡಬೇಕಿತ್ತು. ಅವಳು ಹತ್ತಿರದಿಂದ ಕಂಡಿದ್ದ ರೈಲ್ವೆ ಹುದ್ದೆ ಒಂದೇ, ನನ್ನದು. ಬಸ್ಸಿನ ಹುದ್ದೆಯೂ ಒಂದೇ, ಅವಳ ಸೋದರಮಾವನದು.

"ಎರಡೂ ಒಂದೇ ಮನ್ಯಾಗೈತೆ, ಹೋಗಿ ನೋಡ್ಕಂಡು ಬಾ ಅಂದ್ಲು ಅವ್ವ," ಎಂದು ಜಗುಲಿಯ ಮೇಲೆ ಕೂತು ನೋಟ್‌ಬುಕ್ಕಿನ ಹಾಳೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದಳು. ಗೆರೆಯ ಎಡಕ್ಕೆ 'ಮಾವ', ಬಲಕ್ಕೆ 'ಅತ್ತೆ'.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ನೆಂಟರಲ್ಲಿ ಅರ್ಧ ಜನಕ್ಕೆ ಇನ್ನೂ ಗೊತ್ತಿಲ್ಲ. ಗೂಡ್ಸ್ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬಳೇ ಕೂತು, ಮುಂದಿನ ಐವತ್ತೆಂಟು ವ್ಯಾಗನ್ನುಗಳು ಸರಿಯಾಗಿ ಹೋಗುತ್ತಿವೆಯೇ ಎಂದು ನೋಡಿಕೊಳ್ಳುವುದು. ಸ್ಟೇಷನ್ನು ಬಂದಾಗ ಹಸಿರು ಬಾವುಟ ತೋರಿಸುವುದು, ಡ್ರೈವರ್ ಜೊತೆ ವಾಕಿಟಾಕಿಯಲ್ಲಿ ಮಾತಾಡುವುದು, ಗಾಡಿ ನಿಂತ ಹೊತ್ತು, ಹೊರಟ ಹೊತ್ತು ಬರೆದಿಡುವುದು. ಮೊದಲು ನಮ್ಮನ್ನು ಗಾರ್ಡ್ ಎನ್ನುತ್ತಿದ್ದರು. ಕೆಲವು ವರ್ಷದ ಹಿಂದೆ ಟ್ರೈನ್ ಮ್ಯಾನೇಜರ್ ಎಂದು ಹೆಸರು ಬದಲಾಯಿಸಿದರು. ಸಂಬಳ ಬದಲಾಗಲಿಲ್ಲ, ಡಬ್ಬಿಯೂ ಬದಲಾಗಲಿಲ್ಲ. ಆದರೆ ನನ್ನ ಅತ್ತೆ ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ ಮನೆಮನೆಗೆ ಪೇಡ ಹಂಚಿ, "ಸೊಸಿ ಮ್ಯಾನೇಜರ್ ಆದ್ಲು," ಎಂದು ಹೇಳಿಬಂದರು. ಯಾರನ್ನು ಮ್ಯಾನೇಜ್ ಮಾಡುತ್ತಾಳೆ ಎಂದು ಯಾರೂ ಕೇಳಲಿಲ್ಲವಾದ್ದರಿಂದ ಮಾನ ಉಳಿಯಿತು. ಆ ಡಬ್ಬಿಯಲ್ಲಿ ನನ್ನ ಕೈಕೆಳಗೆ ಇರುವುದು ನನ್ನ ಬುತ್ತಿ ಮತ್ತು ಒಂದು ಕೊಡೆ.

ನಮ್ಮ ಮದುವೆಯ ಮಾತುಕತೆಯಲ್ಲೂ ಇದೇ ಗೊಂದಲವಾಗಿತ್ತು. ಮಧ್ಯಸ್ಥಿಕೆ ವಹಿಸಿದ್ದವರು, "ಹುಡುಗ ಬಸ್ಸಿನ ಕಂಡಕ್ಟರ್, ಹುಡುಗಿ ಗೂಡ್ಸ್ ರೈಲಿನ ಕಂಡಕ್ಟರ್, ಇಂಥಾ ಜೋಡಿ ಸಿಗಲ್ಲ," ಎಂದು ಎರಡೂ ಕಡೆಯವರನ್ನು ಒಪ್ಪಿಸಿದ್ದರು. ಹೆಣ್ಣು ನೋಡಲು ಬಂದ ದಿನ ನನ್ನ ಅತ್ತೆ ಮೆಲ್ಲಗೆ ಕೇಳಿದ್ದರು:

"ಅಲ್ಲವ್ವ, ಗೂಡ್ಸ್ ಗಾಡ್ಯಾಗ ಟಿಕೆಟ್ ಯಾರಿಗೆ ಕೊಡ್ತೀಯ?"

"ಸಿಮೆಂಟ್ ಚೀಲಕ್ಕೆ," ಎಂದು ಉತ್ತರ ಕೊಟ್ಟವರು ನನ್ನನ್ನು ನೋಡಲು ಬಂದ ಗಂಡು. ಅದಕ್ಕೆ ನಕ್ಕಿದ್ದರಿಂದಲೇ ನಾನು ಅವರನ್ನು ಒಪ್ಪಿದ್ದು. ಹನ್ನೊಂದು ವರ್ಷದ ಮೇಲೂ ಅವರು ಅದೇ ಹಾಸ್ಯವನ್ನು ಮಾಡುತ್ತಾರೆಂದು ಆಗ ಗೊತ್ತಿರಲಿಲ್ಲ.

ಈ ಹನ್ನೊಂದು ವರ್ಷವೂ ನಮ್ಮ ಮನೆಯಲ್ಲಿ ಒಂದೇ ಜಗಳ. ಯಾರ ಕೆಲಸ ಕಷ್ಟದ್ದು? ಅವರ ಪ್ರಕಾರ ನಾನು ಸರ್ಕಾರದ ಖರ್ಚಿನಲ್ಲಿ ಗಾಳಿ ಸೇವನೆಗೆ ಹೋಗಿಬರುತ್ತೇನೆ. ನನ್ನ ಪ್ರಕಾರ ಅವರು ದಿನಾ ಒಂದು ಮದುವೆ ಮನೆಯಲ್ಲಿ ಓಡಾಡಿಕೊಂಡು ಬರುತ್ತಾರೆ. ಅವರು ಮನೆಗೆ ಬಂದ ಕೂಡಲೇ, ಒಂದು ತಾಸು ಯಾರೂ ಮಾತಾಡಿಸಬೇಡಿ ಎನ್ನುತ್ತಾರೆ. ನಾನು ಬಂದ ಕೂಡಲೇ ಯಾರಾದರೂ ಮಾತಾಡಿಸಲಿ ಎಂದು ಕಾಯುತ್ತೇನೆ. ಈ ಎರಡು ಒಂದೇ ಸಂಜೆ ಕೂಡಿಬಂದರೆ ಅತ್ತೆ ಟಿ.ವಿ.ಯ ಧ್ವನಿ ಏರಿಸುತ್ತಾರೆ.

ಹುಡುಗಿ ಮೊದಲು ಮಾವನ ಕೆಲಸ ನೋಡುವುದೆಂದು ತೀರ್ಮಾನವಾಯಿತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಬಸ್ಸು ಹತ್ತಿದರಾಯಿತು. ನನ್ನ ಡ್ಯೂಟಿ ಶುರುವಾಗುವುದು ಹರಿಹರದಿಂದ. ಅವರು ಇರುವುದೂ ದಾವಣಗೆರೆ–ಹರಿಹರದ ಬಸ್ಸಿನಲ್ಲೇ. ಹೀಗಾಗಿ ಎಷ್ಟೋ ದಿನ ನಾನು ನನ್ನ ಗಂಡನ ಬಸ್ಸಿನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಅವರು ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾರೆ. ಆಧಾರ್ ಕಾರ್ಡನ್ನೂ ಕೇಳುತ್ತಾರೆ. "ಎಲ್ಲರಿಗೂ ಒಂದೇ ರೂಲು," ಎನ್ನುತ್ತಾರೆ. ಕಾರ್ಡಿನ ಫೋಟೊ ನೋಡಿ, ನನ್ನ ಮುಖ ನೋಡಿ, ಅನುಮಾನ ಬಂದವರಂತೆ ತಲೆ ಆಡಿಸಿ ಮುಂದೆ ಹೋಗುತ್ತಾರೆ.

ಆ ದಿನವೂ ನಾನು ಅದೇ ಬಸ್ಸಿನಲ್ಲಿದ್ದೆ. ಬಸ್ಸು ಬಿಡುವ ಮೊದಲೇ ಹುಡುಗಿಗೆ ಕಾಲಿಡಲು ಜಾಗವಿರಲಿಲ್ಲ. ಭಾನುವಳ್ಳಿಯ ಒಬ್ಬ ಅಜ್ಜಿ ಇಂಜಿನ್ ಪಕ್ಕದ ಸೀಟಿನಲ್ಲಿ ಕೂತಿದ್ದರು. ಕಾರ್ಡು ಮನೆಯಲ್ಲಿ ಮರೆತು ಬಂದಿದ್ದರು.

"ಕಾರ್ಡ್ ಇಲ್ದಿದ್ರೆ ದುಡ್ಡು ಕೊಡ್ಬೇಕಾಗ್ತದಜ್ಜಿ," ಎಂದರು ನನ್ನ ಗಂಡ.

"ನಾನು ಹೆಂಗ್ಸು ಅಂತ ಕಾರ್ಡ್ ಬ್ಯಾರೆ ಹೇಳ್ಬೇಕೇನು? ಕಣ್ಣು ಕಾಣಲ್ವ ನಿಂಗೆ?"

"ಕಾಣ್ತದಜ್ಜಿ. ಮಷಿನ್ನಿಗೆ ಕಾಣಂಗಿಲ್ಲ."

"ಹಂಗಾದ್ರೆ ಮಷಿನ್ನಿಗೇ ಹೇಳು, ಹರಿಹರದಾಗ ಇಳಿದ್ಮ್ಯಾಲೆ ನೋಡನ ಅಂತ."

ಬಸ್ಸಿಡೀ ಅಜ್ಜಿಯ ಕಡೆಯಾಯಿತು. ಹಿಂದಿನಿಂದ ಒಬ್ಬ, "ಅಜ್ಜಿ ಹತ್ರ ದುಡ್ಡು ಕೇಳ್ತಾನಲ್ಲ, ನಾಚಿಗೆ ಆಗಲ್ವ," ಎಂದ. ಆ ಮನುಷ್ಯನೇ ಎರಡು ನಿಮಿಷದ ಹಿಂದೆ ಐನೂರರ ನೋಟು ಕೊಟ್ಟು, ಚಿಲ್ಲರೆ ಇಲ್ಲವೆಂದದ್ದಕ್ಕೆ ರೇಗಾಡಿದ್ದ. ಇನ್ನೊಬ್ಬ ಫೋನಿನಿಂದ ಹಣ ಕಳಿಸುತ್ತೇನೆಂದು ಹೇಳಿ, ನೆಟ್‌ವರ್ಕ್ ಬರಲಿ ಎಂದು ಕಿಟಕಿಯಾಚೆ ಕೈ ಚಾಚಿಕೊಂಡು ಕೂತಿದ್ದ. ನನ್ನ ಗಂಡ ಕಡೆಗೆ ತಮ್ಮ ಜೇಬಿನಿಂದ ಅಜ್ಜಿಯ ಟಿಕೆಟ್ಟಿನ ದುಡ್ಡು ಹಾಕಿದರು. ಅಜ್ಜಿ ಆ ಟಿಕೆಟನ್ನು ತಿರುಗಿಸಿ ನೋಡಿ, "ಮೊದ್ಲೇ ಕೊಟ್ಟಿದ್ರೆ ಇಷ್ಟು ಮಾತು ಬೇಕಿತ್ತೇನು?" ಎಂದರು.

ಹುಡುಗಿ ನಿಂತುಕೊಂಡೇ ನೋಟ್‌ಬುಕ್ಕಿನ ಎಡಭಾಗದಲ್ಲಿ ಏನೋ ಬರೆದಳು. ಹರಿಹರದಲ್ಲಿ ಇಳಿದಾಗ ಇಣುಕಿ ನೋಡಿದೆ. 'ಜನ: ಬಹಳ' ಎಂದಿತ್ತು.

ನನ್ನ ಕೆಲಸವನ್ನು ಹಾಗೆ ನೋಡುವಂತಿಲ್ಲ. ಬ್ರೇಕ್ ವ್ಯಾನಿಗೆ, ಅಂದರೆ ನಾನು ಕೂರುವ ಆ ಕೊನೆಯ ಡಬ್ಬಿಗೆ, ಹೊರಗಿನವರನ್ನು ಹತ್ತಿಸುವುದು ನಿಷಿದ್ಧ. ಆದ್ದರಿಂದ ಅವಳು ಮಾರನೆಯ ದಿನ ನನ್ನನ್ನು ದಾವಣಗೆರೆಯ ನಡುವಿನ ರೈಲ್ವೆ ಗೇಟಿನಲ್ಲಿ ನಿಂತು ನೋಡಿದಳು. ಗೇಟು ಹಾಕಿತ್ತು, ಎರಡೂ ಕಡೆ ಆಟೊ, ಬೈಕು, ಮೆಕ್ಕೆಜೋಳದ ಟ್ರ್ಯಾಕ್ಟರು, ಶಾಲೆಯ ವ್ಯಾನು. ನನ್ನ ಗಾಡಿ ನಿಧಾನವಾಗಿ ಹೋಗುತ್ತಿತ್ತು. ಊರು ವ್ಯಾಗನ್ನುಗಳನ್ನು ಎಣಿಸುತ್ತ ಬೈಯುತ್ತಿತ್ತಂತೆ. ಕಡೆಗೆ ನನ್ನ ಡಬ್ಬಿ ಕಂಡಿತು. ಬಾಗಿಲಲ್ಲಿ ಬಿಳಿ ಸಮವಸ್ತ್ರ ಹಾಕಿಕೊಂಡು ಹಸಿರು ಬಾವುಟ ಹಿಡಿದು ನಿಂತಿದ್ದ ನನ್ನನ್ನು ಕಂಡು ಒಬ್ಬ ಆಟೊದವನು ಎರಡೂ ಕೈ ಎತ್ತಿ ಮುಗಿದನಂತೆ.

"ಅತ್ತೆ, ನಿಮ್ಮನ್ನ ನೋಡಿ ಊರಿಗೇ ಖುಷಿ ಆತು," ಎಂದಳು ಸಂಜೆ. "ನಿಮಗೆ ಒಬ್ರೂ ಬೈಲಿಲ್ಲ. ಮಾವಂಗೆ ಬಸ್ಸಿನಾಗ ಎಲ್ರೂ ಬೈತಾರೆ."

"ಅದನ್ನೇ ನಾನು ಹನ್ನೊಂದು ವರ್ಷದಿಂದ ಹೇಳಾದು," ಎಂದರು ನನ್ನ ಗಂಡ. "ನಿಮ್ಮತ್ತೆ ಕೆಲ್ಸಾನೇ ಹಿಡಿ. ಬಾಯಿ ಮುಚ್ಕಂಡು ಕೂತ್ರೆ ಆತು."

"ಬ್ಯಾಡ," ಎಂದೆ ನಾನು. "ಮಾವನ ಕೆಲ್ಸ ಹಿಡಿ. ದಿನಾ ಮನಿಗೆ ಬರ್ತೀಯ, ನಾಕು ಜನದ ಜೊತೆ ಮಾತಾಡ್ತೀಯ, ಹೊತ್ತಿಗೆ ಸರಿಯಾಗಿ ಉಣ್ತೀಯ."

ಹುಡುಗಿ ಪೆನ್ನು ಕಚ್ಚಿಕೊಂಡು ಕೂತಳು. ಮಾವನ ಕೆಲಸ ಒಳ್ಳೆಯದೆಂದು ಅತ್ತೆ, ಅತ್ತೆಯ ಕೆಲಸ ಒಳ್ಳೆಯದೆಂದು ಮಾವ. ತನ್ನ ಕೆಲಸ ಒಳ್ಳೆಯದು ಎನ್ನುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಜಾಣೆ, ಬಾಯಿಮಾತು ಬಿಟ್ಟು ಕಾಗದ ಕೇಳಿದಳು.

"ಇಬ್ರದೂ ಪೇಸ್ಲಿಪ್ ಕೊಡ್ರಿ. ಅದ್ರಾಗ ಸುಳ್ಳಿರಲ್ಲ."

ಇಲ್ಲಿ ನಾನು ತಡೆಯಬೇಕಿತ್ತು. ಯಾಕೆಂದರೆ ಆ ಕಾಗದಗಳಲ್ಲಿ ಸುಳ್ಳಿರಲಿಲ್ಲ, ನಮ್ಮ ಮನೆಯಲ್ಲಿತ್ತು. ಮದುವೆಯಾದ ಹೊಸತರಲ್ಲಿ ನನ್ನ ಗಂಡ ತಮ್ಮ ತಾಯಿಯ ಎದುರು, "ಹೆಚ್ಚುಕಮ್ಮಿ ಇಬ್ರದೂ ಒಂದೇ, ನಂದು ಒಂಚೂರು ಜಾಸ್ತಿ," ಎಂದಿದ್ದರು. ನಾನು ಹೌದೆಂದಿದ್ದೆ. ನಮಗೆ ಗಾಡಿ ಓಡಿದ ಕಿಲೋಮೀಟರಿಗೆ ಭತ್ಯೆ ಸಿಗುತ್ತದೆ; ಅದು ಸೇರಿದರೆ ನನ್ನದೇ ಜಾಸ್ತಿ, ಒಂಚೂರಲ್ಲ. ಆದರೆ ಅಷ್ಟು ಸಣ್ಣ ಸುಳ್ಳಿನಿಂದ ಮನೆಯಲ್ಲಿ ನೆಮ್ಮದಿ ಇರುವುದಾದರೆ ಇರಲಿ ಎಂದು ಇಬ್ಬರೂ ಬಿಟ್ಟಿದ್ದೆವು.

ಅತ್ತೆ ಮಂಡಕ್ಕಿಗೆ ಒಗ್ಗರಣೆ ಹಾಕಿ ತಂದು ನಮ್ಮೆಲ್ಲರ ನಡುವೆ ಇಟ್ಟು ಕೂತರು. ಹುಡುಗಿ ಎರಡೂ ಕಾಗದ ಪಕ್ಕಪಕ್ಕ ಹಿಡಿದು, ಕಡೆಯ ಸಾಲನ್ನು ಜೋರಾಗಿ ಓದಿದಳು. ಆಮೇಲೆ, ಶಾಲೆಯಲ್ಲಿ ಲೆಕ್ಕ ಬಿಡಿಸಿದವರ ಹಾಗೆ, "ಅತ್ತೇದು ಜಾಸ್ತಿ ಐತೆ," ಎಂದಳು.

"ಎಷ್ಟು?" ಎಂದು ಕೇಳಿದವರು ಅತ್ತೆ.

ಹುಡುಗಿ ಹೇಳಿದಳು. ಅತ್ತೆ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದರು. ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ಎದ್ದು ಒಳಗೆ ಹೋದರು. ನನ್ನ ಗಂಡ ಒಂದು ಮೆಣಸಿನಕಾಯಿ ಆರಿಸಿ ಬಾಯಿಗೆ ಹಾಕಿಕೊಂಡು, "ಕೂತಿದ್ದಕ್ಕೆ ಕೊಡ್ತಾರಪ್ಪ ಅವ್ರಿಗೆ," ಎಂದರು. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ನಾವೆಲ್ಲ ಒಪ್ಪಿಕೊಂಡೆವು.

ಮರುದಿನ ಬೆಳಿಗ್ಗೆ ಮೊದಲ ದೋಸೆ ನನ್ನ ತಟ್ಟೆಗೆ ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಆ ದೋಸೆ ನನಗೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೊಂದು ಹಾಕಿಸಿಕೊಂಡೆ. ನನ್ನ ಗಂಡ ಖಾಲಿ ತಟ್ಟೆಯ ಮುಂದೆ ಕೂತು ಪೇಪರು ಓದುತ್ತಿದ್ದವರು, ಹಾಳೆ ತಿರುಗಿಸದೆಯೇ ಹೇಳಿದರು:

"ಕೂತಿದ್ದಕ್ಕೆ ಸಂಬಳ, ಕೂತಿದ್ದಕ್ಕೆ ದೋಸೆ."

"ಕೂತಿರ್ತೀನಿ ಅಂತ ಯಾರು ಹೇಳಿದ್ರು ನಿಮಗೆ?"

"ಮತ್ತೆ ಓಡ್ತೀಯೇನು ಗಾಡಿ ಹಿಂದೆ?"

"ಒಂದ್ಸಲ ಬಂದು ನೋಡ್ರಿ. ಹನ್ನೊಂದು ವರ್ಷ ಆತು, ಒಂದಿನ ಬಂದು ನೋಡೀರಾ?"

ಎರಡು ದಿನ ಬಿಟ್ಟು ಅವರ ವಾರದ ರಜೆ ಬಂದಾಗ, ನನ್ನ ಗಾಡಿ ಮಾಯಕೊಂಡದ ಆಚೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತಿತ್ತು. ಗೊಬ್ಬರ ತುಂಬಿದ ಗಾಡಿ. ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ಸುಗಳು ಮುಂದೆ ಹೋಗಲಿ ಎಂದು ಬೆಳಿಗ್ಗೆ ಎಂಟೂವರೆಗೇ ಪಕ್ಕದ ಲೂಪ್ ಲೈನಿಗೆ ಹಾಕಿದ್ದರು. ಹತ್ತು ಗಂಟೆಯಾದರೂ ಬಿಟ್ಟಿರಲಿಲ್ಲ. ನಾನು ಮನೆಗೆ ಫೋನು ಮಾಡಿ, "ನೋಡ್ಬೇಕು ಅಂದ್ರೆ ಈಗ ಬರ್ರಿ, ಗಾಡಿ ಎಲ್ಲೂ ಹೋಗಲ್ಲ," ಎಂದೆ.

ಅವರು ಬೈಕಿನಲ್ಲಿ ಹುಡುಗಿಯನ್ನು ಕೂರಿಸಿಕೊಂಡು ಬಂದರು. ಸ್ಟೇಷನ್ ಮಾಸ್ಟರು ನಿವೃತ್ತಿಗೆ ಹತ್ತಿರವಾದ, ಮೃದು ಮಾತಿನ ಮನುಷ್ಯ. ಹುಡುಗಿಯ ಕಾಲಲ್ಲಿದ್ದ ತೆಳು ಚಪ್ಪಲಿ ನೋಡಿ, "ಜಲ್ಲಿ ಮ್ಯಾಲೆ ನಡೆಯಾಕಾಗಲ್ಲವ್ವ, ನೀನು ಇಲ್ಲೇ ಕೂಡು," ಎಂದು ತಮ್ಮ ಕೋಣೆಯಲ್ಲಿ ಕೂರಿಸಿಕೊಂಡರು. ನನ್ನ ಗಂಡ ಒಬ್ಬರೇ ಹಳಿಯ ಪಕ್ಕದ ದಾರಿಯಲ್ಲಿ ಹೊರಟರು. ಇಂಜಿನ್ನು ಸ್ಟೇಷನ್ನಿನ ಆಚೆ ತುದಿಯಲ್ಲಿ ನಿಂತರೆ ನನ್ನ ಡಬ್ಬಿ ಅರ್ಧ ಕಿಲೋಮೀಟರಿಗೂ ಹೆಚ್ಚು ಹಿಂದೆ, ಹೊಲಗಳ ನಡುವೆ ನಿಲ್ಲುತ್ತದೆ. ಬಿಸಿಲಲ್ಲಿ ಅವರು ಎಡವುತ್ತ, ನಿಂತು ಹಣೆ ಒರೆಸಿಕೊಳ್ಳುತ್ತ ಬರುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಮನಸ್ಸಿಗೆ ಬಹಳ ಸಮಾಧಾನವಾಯಿತು.

ಬಂದವರೇ ಕೆಳಗೆ ನಿಂತು ಡಬ್ಬಿಯನ್ನು ಅತ್ತಿಂದಿತ್ತ ನೋಡಿದರು.

"ಎಲ್ಲೈತೆ?"

"ಏನು?"

"ರೂಮು."

"ಇದೇ."

ಅವರು ಬಾಗಿಲ ಕಂಬಿ ಹಿಡಿದು ಒಳಗೆ ಇಣುಕಿದರು. ಕಬ್ಬಿಣದ ಗೋಡೆ, ಕಬ್ಬಿಣದ ಸೀಟು, ಕೈ ಸುಡುವ ಬ್ರೇಕಿನ ಚಕ್ರ, ನನ್ನ ಪೆಟ್ಟಿಗೆ.

"ಫ್ಯಾನು?"

"ಗಾಡಿ ಓಡಿದ್ರೆ ಗಾಳಿ ಬರ್ತೈತೆ."

ಆಮೇಲೆ ಬೇರೆ ಕಡೆ ನೋಡುತ್ತ, "ಮತ್ತೆ… ಅದಕ್ಕೆ?" ಎಂದರು.

ನಾನು ಸ್ಟೇಷನ್ನಿನ ಕಡೆ ಕೈ ತೋರಿಸಿದೆ. ಅವರು ತಾವು ನಡೆದು ಬಂದ ದಾರಿಯನ್ನು ತಿರುಗಿ ನೋಡಿದರು. ಬಿಸಿಲಲ್ಲಿ ಸ್ಟೇಷನ್ನು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

ಮದುವೆಯಾದಾಗಿನಿಂದ ಅವರು ನನಗೆ ಬೈಯುತ್ತಿದ್ದದ್ದು ಒಂದೇ ವಿಷಯಕ್ಕೆ: ನೀರು ಕುಡಿಯುವುದಿಲ್ಲ ಎಂದು. ಉರಿಮೂತ್ರವೆಂದು ಮೂರು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಮೂರು ಸಲವೂ ಡಾಕ್ಟರ ಎದುರು, "ನೀರು ಕುಡಿ ಅಂದ್ರೆ ಕೇಳಲ್ಲ ಸರ್, ಹಟ," ಎಂದು ದೂರು ಹೇಳಿದ್ದರು. ನಾನು ಕಾರಣ ಹೇಳಿರಲಿಲ್ಲ. ಹೇಳಿದರೆ ಕೆಲಸ ಬಿಡು ಎನ್ನುತ್ತಾರೆಂಬ ಹೆದರಿಕೆ. ಈಗ ಅವರು ನನಗೆಂದು ತಂದಿದ್ದ ನೀರಿನ ಬಾಟಲಿಯನ್ನು ಚೀಲದಿಂದ ತೆಗೆದವರು, ಅದನ್ನು ನೋಡಿ, ಮತ್ತೆ ಚೀಲದೊಳಗೇ ಇಟ್ಟರು.

ಡಬ್ಬಿಯ ನೆರಳಲ್ಲಿ ಅವರು ಕೆಳಗೆ, ನಾನು ಮೆಟ್ಟಿಲ ಮೇಲೆ ಕೂತು ರೊಟ್ಟಿ ಎಣ್ಣೆಗಾಯಿ ತಿಂದೆವು. "ಇಲ್ಲಿ ಚಿಲ್ಲರೆ ಕೇಳೋರು ಯಾರೂ ಇಲ್ಲ, ಅದೊಂದು ಚಲೋ," ಎಂದರು ಅವರು. ನಾನು ನಕ್ಕೆ. ಅವರು ನಗಲಿಲ್ಲ.

"ಹೋದ ವರ್ಷ ನನ್ನ ಕನ್ನಡಕ ಒಡೀತಲ್ಲ," ಎಂದರು. "ಅದು ಬಿದ್ದು ಒಡೆದಿದ್ದಲ್ಲ."

"ಮತ್ತೆ?"

"ಒಬ್ಬ ಹೊಡ್ದ. ಹಳೇ ನೋಟು ಕೊಟ್ಟೆ ಅಂತ. ಬಸ್ಸಿನ ತುಂಬ ಜನ ಇದ್ರು."

ಆ ಕನ್ನಡಕಕ್ಕೆ ನಾನು ಒಂದು ವಾರ ರೇಗಾಡಿದ್ದೆ. ಸಣ್ಣ ಮಕ್ಕಳ ಹಾಗೆ ಸಾಮಾನು ಬೀಳಿಸುತ್ತೀರಿ ಎಂದು ಅತ್ತೆಯ ಎದುರೇ ಅಂದಿದ್ದೆ. ಈಗ, "ಇನ್ನೊಂದು ರೊಟ್ಟಿ ಹಾಕ್ಕೊಳ್ರಿ," ಎಂದೆ. ಹಾಕಿಕೊಂಡರು. ಪಕ್ಕದ ಹಳಿಯ ಮೇಲೆ ಒಂದು ಎಕ್ಸ್‌ಪ್ರೆಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಎಣ್ಣೆಗಾಯಿಯ ಮೇಲೆ ಕೂತ ಧೂಳನ್ನು ಅವರು ಬೆರಳಿನಿಂದ ಸರಿಸಿ, ತಿಂದರು.

ಹುಡುಗಿ ಅತ್ತ ಎರಡು ತಾಸು ಸ್ಟೇಷನ್ ಮಾಸ್ಟರ ಕೋಣೆಯಲ್ಲಿದ್ದಳು. ಅವರು ಅವಳಿಗೆ ಎರಡು ಸಲ ಚಹಾ ತರಿಸಿಕೊಟ್ಟಿದ್ದರು. ಹಿಂದಿರುಗುವಾಗ ಅವಳ ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೆರೆ ಬಿದ್ದು ಮೂರು ಭಾಗವಾಗಿತ್ತಂತೆ. ನಮಗೆ ಅದು ಗೊತ್ತಿರಲಿಲ್ಲ. ನಾವಿಬ್ಬರೂ ಆ ವಾರ ಒಬ್ಬರ ಮೇಲೊಬ್ಬರು ಎಷ್ಟು ಕರುಣೆ ತೋರಿಸುತ್ತಿದ್ದೆವೆಂದರೆ, ಹುಡುಗಿಗೆ ಕೊಡುವ ಸಲಹೆಯೂ ತಿರುಗಿಬಿಟ್ಟಿತ್ತು. "ಅತ್ತೆ ಕೆಲ್ಸ ಬ್ಯಾಡ, ನನ್ನ ಕೆಲ್ಸಾನೇ ಹಿಡಿ," ಎಂದು ಅವರು; "ಮಾವಂದು ಬ್ಯಾಡ, ಜನ ಹೊಡೀತಾರೆ, ನನ್ನ ಕೆಲ್ಸ ನೋಡು," ಎಂದು ನಾನು. ಮೊದಲಿದ್ದ ಗೊಂದಲವೇ ಇತ್ತು, ಬದಿ ಮಾತ್ರ ಬದಲಾಗಿತ್ತು.

ಅವಳು ಊರಿಗೆ ಹೊರಡುವ ದಿನ ಸೈಬರ್ ಸೆಂಟರಿಗೆ ಹೋಗಿ ರೈಲ್ವೆಯ ಅರ್ಜಿ ಕಳಿಸಿ ಬಂದಳು.

"ಯಾವ್ದು ಮೊದ್ಲು ಹಾಕ್ದೆ?" ಎಂದು ಇಬ್ಬರೂ ಒಟ್ಟಿಗೇ ಕೇಳಿದೆವು.

"ಸ್ಟೇಷನ್ ಮಾಸ್ಟರ್."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

"ಅಲ್ಲ ಮಾವ, ನೀನೇ ನೋಡು. ಆ ಕೋಣ್ಯಾಗೆ ಫ್ಯಾನೈತೆ, ಕುರ್ಚಿ ಐತೆ, ಬಚ್ಚಲ ಕೀಲಿ ಅವ್ರ ಮೊಳೆಗೇ ನೇತಾಕೈತೆ. ಅತ್ತೆ ಗಾಡಿ ಅಷ್ಟೊತ್ತು ಬಿಸಿಲಾಗ ನಿಂತಿತ್ತಲ್ಲ, ನಿಲ್ಸಿದ್ದು ಯಾರು? ಅವ್ರೇ. ನಿಲ್ಲೋ ಕೆಲ್ಸಕ್ಕಿಂತ ನಿಲ್ಸೋ ಕೆಲ್ಸ ಚಲೋ ಅನ್ಸಿತು."

ಆ ಕೆಲಸ ಅವಳಿಗೆ ಸಿಕ್ಕಿತು. ತರಬೇತಿ ಮುಗಿಸಿ, ಅಲ್ಲಿ ಇಲ್ಲಿ ಕೆಲವು ತಿಂಗಳು ಇದ್ದು, ಕಡೆಗೆ ನಾನು ದಿನಾ ಹಾದುಹೋಗುವ ದಾರಿಯ ಒಂದು ಸ್ಟೇಷನ್ನಿಗೇ ಬಂದಳು. ಅತ್ತೆ ಈ ಸಲವೂ ಪೇಡ ಹಂಚಿದರು. ಮೂರು ತಿಂಗಳಿಗೆ ಹುಡುಗಿ ನನಗೆ ಫೋನು ಮಾಡಿ ಗೋಳು ಹೇಳಿಕೊಳ್ಳತೊಡಗಿದಳು. ಕುರ್ಚಿ ಇದೆ, ಆದರೆ ಅದರಿಂದ ಏಳುವಂತಿಲ್ಲ. ಫ್ಯಾನಿದೆ, ಅದರ ಸದ್ದಿನಲ್ಲಿ ಮೇಲಿನವರ ಫೋನು ಕೇಳಿಸದಿದ್ದರೆ ಬೈಗುಳ. ಆಡಿದ ಮಾತೆಲ್ಲ ರೆಕಾರ್ಡ್ ಆಗುತ್ತದೆ. ಊಟದ ಡಬ್ಬಿ ತೆರೆದರೆ ಸಾಕು, ಗಾಡಿ ಬರುತ್ತದೆ. "ನಿಮ್ದೇ ಆರಾಮ್ ಕಣ್ರಿ ಅತ್ತೆ," ಎಂದಳು. "ಗಾಳಿ, ಬೆಳಕು, ಯಾರ ಕಾಟಾನೂ ಇಲ್ಲ." ಹನ್ನೊಂದು ವರ್ಷ ಗಂಡನ ಬಾಯಲ್ಲಿ ಕೇಳಿದ್ದ ಮಾತನ್ನು ಈಗ ಇಲಾಖೆಯ ಒಳಗಿನವರ ಬಾಯಲ್ಲೇ ಕೇಳುವ ಯೋಗ ಬಂತು.

ಆಮೇಲೆ ಒಂದು ದಿನ ನನ್ನ ಗಾಡಿಯನ್ನು ಅವಳ ಸ್ಟೇಷನ್ನಿನಲ್ಲೇ ಲೂಪ್ ಲೈನಿಗೆ ಹಾಕಿದರು. ಹಾಕಿದವಳು ಅವಳೇ. ಒಂದೂವರೆ ತಾಸು ಕಳೆಯಿತು. ತಡೆಯಲಾರದೆ ನಾನು ವಾಕಿಟಾಕಿಯಲ್ಲಿ ಡ್ರೈವರಿಗೆ ಹೇಳಿ, ಜಲ್ಲಿಯ ಮೇಲೆ ನಡೆದು ಸ್ಟೇಷನ್ನಿಗೆ ಹೋದೆ. ಅವಳು ಎರಡು ಫೋನುಗಳನ್ನು ಎರಡು ಕಿವಿಗೆ ಹಿಡಿದುಕೊಂಡಿದ್ದವಳು, ಗಲ್ಲದಿಂದಲೇ ಮೊಳೆಯ ಕಡೆ ತೋರಿಸಿದಳು. ಕೀಲಿ ತೆಗೆದುಕೊಂಡೆ. ಹೊರಗೆ ಬರುವಷ್ಟರಲ್ಲಿ ಸಿಗ್ನಲ್ಲು ಹಸಿರಾಗಿತ್ತು. ಮೇಲಿನಿಂದ ಒಮ್ಮೆಲೇ ಅಪ್ಪಣೆ ಬಂದಿತ್ತಂತೆ, ಈ ಗಾಡಿಯನ್ನು ಈಗಲೇ ಬಿಡಿ ಎಂದು. ನಾನು ಎದ್ದುಬಿದ್ದು ಓಡಿದೆ. ನಲವತ್ತರ ಹತ್ತಿರದ ಹೆಂಗಸು ಜಲ್ಲಿಯ ಮೇಲೆ ಎಷ್ಟು ಓಡಬಹುದೋ ಅಷ್ಟು. ಡಬ್ಬಿ ಹತ್ತಿ, ಏದುಸಿರು ಬಿಡುತ್ತ ಡ್ರೈವರಿಗೆ ಹೊರಡಿ ಎನ್ನುವಾಗ ಒಂಬತ್ತು ನಿಮಿಷ ತಡವಾಗಿತ್ತು.

ಹತ್ತು ದಿನಕ್ಕೆ ನನಗೊಂದು ಕಾಗದ ಬಂತು. ಸಿಗ್ನಲ್ಲು ಕೊಟ್ಟಾಗ ಟ್ರೈನ್ ಮ್ಯಾನೇಜರ್ ತನ್ನ ಡಬ್ಬಿಯಲ್ಲಿ ಇರಲಿಲ್ಲವೆಂದು ಸ್ಟೇಷನ್ ಮಾಸ್ಟರು ವರದಿ ಮಾಡಿದ್ದಾರೆ, ವಿವರಣೆ ಕೊಡಿ.

ಯುಗಾದಿಗೆ ಹುಡುಗಿ ನಮ್ಮ ಮನೆಗೇ ಬಂದಿದ್ದಳು. ನಾನು ಹೋಳಿಗೆ ಬಡಿಸಿ, ತುಪ್ಪ ಹಾಕಿ, ಆಮೇಲೆ ಕಾಗದವನ್ನು ಅವಳ ಎಲೆಯ ಪಕ್ಕ ಇಟ್ಟೆ. ಅವಳು ಓದಿ ತಲೆ ತಗ್ಗಿಸಿದಳು.

"ಬರೀದಿದ್ರೆ ಒಂಬತ್ತು ನಿಮಿಷ ನನ್ನ ಮ್ಯಾಲೆ ಬರ್ತಿತ್ತು ಅತ್ತೆ."

"ಎಲ್ಲಿಗೆ ಹೋಗಿದ್ದೆ ಅಂತ ನಿಂಗೆ ಗೊತ್ತಿತ್ತಲ್ಲ. ಕೀಲಿ ತೋರ್ಸಿದಾಕೆ ನೀನೇ."

"ಅದನ್ನ ಬರಿಯಾಕೆ ಆ ಫಾರಮ್ಮಿನಾಗೆ ಕಾಲಮ್ಮೇ ಇಲ್ಲ."

ಅತ್ತೆಗೆ ಏನೂ ಅರ್ಥವಾಗದೆ, "ಯಾರು ಯಾರ ಮ್ಯಾಲೆ ಬರ್ದಾರೆ?" ಎಂದು ಕೇಳುತ್ತಲೇ ಇದ್ದರು. ನನ್ನ ಗಂಡ ಕೈ ತೊಳೆದು ಬಂದು, ಕಾಗದ ಎತ್ತಿಕೊಂಡು, ಬೆಳಕಿಗೆ ಹಿಡಿದು ಓದಿದರು. ಬಸ್ಸಿನ ಕೆಲಸದಲ್ಲಿ ಇಂಥ ಕಾಗದ ವರ್ಷಕ್ಕೆ ನಾಲ್ಕಾದರೂ ಬರುತ್ತವೆ ಎಂಬುದೂ, ಡಿಪೋದಲ್ಲಿ ಅರ್ಧ ಜನರ ಉತ್ತರಗಳನ್ನು ಇವರೇ ಬರೆದುಕೊಡುತ್ತಾರೆ ಎಂಬುದೂ ನನಗೆ ಅಂದೇ ತಿಳಿಯಿತು.


ಅವರು ಚಾಪೆಯ ಮೇಲೆ ಕೂತು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಅರ್ಧಕ್ಕರ್ಧ ಹೊಡೆದುಹಾಕಿದರು.

"ಸಿಟ್ಟು ಬರಿಬ್ಯಾಡ, ದುಃಖ ಬರಿಬ್ಯಾಡ. ನಡೆದಿದ್ದು ಮಾತ್ರ ಬರಿ. ಗಾಡಿ ಎಷ್ಟು ಉದ್ದ, ಬಚ್ಚಲು ಎಷ್ಟು ದೂರ, ಎಷ್ಟು ಹೊತ್ತು ನಿಂತಿತ್ತು. ಓದೋನೇ ನಡೀಬೇಕು ಜಲ್ಲಿ ಮ್ಯಾಲೆ."

ಕನ್ನಡದಲ್ಲಿ ಒಂದು ಪುಟ ಬರೆದರು. ಅಕ್ಷರ ಮುತ್ತಿನ ಹಾಗಿತ್ತು. ಆದರೆ ಉತ್ತರ ಇಂಗ್ಲಿಷಿನಲ್ಲಿ ಹೋಗಬೇಕಿತ್ತು. ನಮ್ಮಿಬ್ಬರ ಇಂಗ್ಲಿಷು ಅಷ್ಟಕ್ಕಷ್ಟೆ. ಎಲ್ಲರೂ ಹುಡುಗಿಯ ಕಡೆ ನೋಡಿದೆವು. ಅವಳು ಎಡಗೈಯಿಂದ ಹೋಳಿಗೆ ಪಕ್ಕಕ್ಕೆ ಸರಿಸಿ, ಕೈ ತೊಳೆದುಕೊಂಡು ಬಂದು, ತನ್ನದೇ ದೂರಿನ ಉತ್ತರವನ್ನು ತಾನೇ ಇಂಗ್ಲಿಷಿಗೆ ಮಾಡಿದಳು. ಮಧ್ಯೆ ಒಂದು ಕಡೆ ನಿಂತು, "ಮಾವ, ಇಲ್ಲಿ 'ಸ್ಟೇಷನ್ ಮಾಸ್ಟರಿಗೆ ವಿಷಯ ತಿಳಿದಿತ್ತು' ಅಂತ ಬರ್ದೀಯಲ್ಲ, ಅದನ್ನ ಬಿಡ್ಲಾ?" ಎಂದು ಕೇಳಿದಳು.

"ಬಿಡಬ್ಯಾಡ," ಎಂದರು ನನ್ನ ಗಂಡ. "ಎಲ್ಲರಿಗೂ ಒಂದೇ ರೂಲು."

ಅವಳು ಅದನ್ನೂ ಬರೆದಳು. ಆ ಉತ್ತರವನ್ನು ಒಪ್ಪಿಕೊಂಡು ಮೇಲಿನವರು ವಿಷಯ ಅಲ್ಲಿಗೇ ಬಿಟ್ಟರು. ಹರಿಹರದಲ್ಲಿ ನನ್ನ ಜೊತೆಯವರಿಗೆ ಅದು ಹೇಗೋ ಗೊತ್ತಾಗಿ, ಮುಂದಿನ ವಾರವೇ ಮೂವರು ನನ್ನ ಗಂಡ ಉತ್ತರ ಬರೆದುಕೊಡಲೆಂದು ತಮ್ಮ ತಮ್ಮ ಕಾಗದಗಳನ್ನು ನನ್ನ ಕೈಯಲ್ಲಿ ಕೊಟ್ಟು ಕಳಿಸಿದರು.